ಬೆಟ್ಟದ ಮೇಲೆ ಮುಗಿಯೋ ರೋಡ್ ರೇಸ್: ಬುಡಕ್ಕೆ ಬರೋ ಹೊತ್ತಿಗೇ ಕಾಲು ಖಾಲಿ, ಏನು ಮಾಡೋದು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಇನ್ನು ಎಂಟು ವಾರಕ್ಕೆ ಒಂದು ಅಮೆಚೂರ್ ರೋಡ್ ರೇಸ್ ಇದೆ. ಒಟ್ಟು 58 ಕಿಮೀ. ಮೊದಲ ಐವತ್ತು ನಮ್ಮ ಕಡೆಯ ಮಾಮೂಲಿ ಏರಿಳಿತದ ರಸ್ತೆ, ಆಮೇಲೆ ನಂದಿ ಬೆಟ್ಟದ ಬುಡದಿಂದ ಮೇಲಕ್ಕೆ, ಅಲ್ಲೇ ಫಿನಿಶ್. ಎಲ್ಲರನ್ನೂ ಒಟ್ಟಿಗೇ ಬಿಡ್ತಾರೆ, ಅರವತ್ತು ಜನರ ಆಸುಪಾಸು ಇರಬಹುದು.

ವಿವರ ಮೊದಲೇ ಹಾಕಿಬಿಡ್ತೀನಿ. ತೂಕ 70 ಕೆಜಿ. ಸೈಕಲ್, ಬಾಟಲಿ, ಶೂ, ಹೆಲ್ಮೆಟ್ ಎಲ್ಲ ಸೇರಿ ಇನ್ನೊಂದು ಹತ್ತು ಕೆಜಿ. ಅಲ್ಯೂಮಿನಿಯಂ ಫ್ರೇಮ್, ಶಿಮಾನೊ ಸೋರಾ ಗೇರ್ ಸೆಟ್, 9 ಸ್ಪೀಡ್, ಹಲ್ಲು ಮುಂದೆ 50/34, ಹಿಂದೆ 11-28, ರಿಮ್ ಬ್ರೇಕ್, 25 ಮಿಮೀ ಟಯರ್. ಹಾರ್ಟ್‌ರೇಟ್ ನೋಡೋ ಎದೆಪಟ್ಟಿ ಇದೆ, ತುಳಿಯೋ ವ್ಯಾಟ್ ಅಳೆಯೋ ಪವರ್ ಮೀಟರ್ ಇಲ್ಲ. ಚೆಕ್‌ಪೋಸ್ಟಿಂದ ಮೇಲಿನವರೆಗೆ ತಾಜಾ ಕಾಲಲ್ಲಿ 32 ನಿಮಿಷ. ಅದೇ, ಗುಂಪಿನ ಜೊತೆ ಐವತ್ತು ಕಿಮೀ ಓಡಿಸ್ಕೊಂಡು ಬಂದು ಹತ್ತಿದ್ರೆ 38 ದಾಟುತ್ತೆ.

ಕೇಳಬೇಕಾಗಿರೋದು: 11-32 ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಸೆಟ್) ಹಾಕಿಸಿದ್ರೆ ಅನುಕೂಲ ಆಗುತ್ತಾ? ಹಗುರ ಚಕ್ರಕ್ಕೆ ದುಡ್ಡು ಹಾಕೋದು ಸಾರ್ಥಕವಾ? ಊಟ, ನೀರು ಎಷ್ಟು? ಈ ಎಂಟು ವಾರ ಯಾವುದರ ಮೇಲೆ ಕೆಲಸ ಮಾಡಬೇಕು?

---

ಚಕ್ರದಹಿಂದೆ (ಕೋಲಾರ)

ನೀವು ಕೇಳಿರೋ ನಾಲ್ಕೂ ಪ್ರಶ್ನೆ ಬೆಟ್ಟದ್ದು. ಆರು ನಿಮಿಷ ಹೋಗ್ತಿರೋದು ಬೆಟ್ಟದಲ್ಲಲ್ಲ, ಅದಕ್ಕೆ ಮುಂಚಿನ ಐವತ್ತು ಕಿಮೀನಲ್ಲಿ. 32 ನಿಮಿಷದಲ್ಲಿ ಹತ್ತೋ ಕಾಲು ನಿಮಗಿದೆ ಅನ್ನೋದು ಗೊತ್ತಾಗಿದೆ. ಅದನ್ನ ಬುಡದವರೆಗೆ ಖರ್ಚಾಗದ ಹಾಗೆ ತಗೊಂಡು ಬರೋದೇ ಕೆಲಸ.

ಲೆಕ್ಕ ನೋಡಿ. ನಿಮ್ಮ ಮೈಕಟ್ಟಿನವರು ಸಮತಟ್ಟಿನಲ್ಲಿ ಒಬ್ಬರೇ 36 ಕಿಮೀ ವೇಗ ಕಾಯ್ಕೊಳ್ಳೋಕೆ ಸುಮಾರು 240 ವ್ಯಾಟ್ ಬೇಕು. ಮುಂದಿನವರ ಚಕ್ರ ಸರಿಯಾಗಿ ಹಿಡಿದ್ರೆ, ಅಂದ್ರೆ ಅವರ ಬೆನ್ನಿಗೇ ಗಾಳಿಮರೆಯಲ್ಲಿ ಓಡಿಸಿದ್ರೆ, ಅದೇ ವೇಗಕ್ಕೆ 180-185 ಸಾಕು. ಆದರೆ ಗುಂಪಿನ ಬಾಲದಲ್ಲಿದ್ದರೆ ಈ ಉಳಿತಾಯವನ್ನೆಲ್ಲ ತಿರುವುಗಳು ತಿಂದುಹಾಕ್ತವೆ. ಮುಂದಿರೋ ಹತ್ತು ಜನ ತಿರುವಲ್ಲಿ 35ರಲ್ಲೇ ಹೋಗ್ತಾರೆ, ಹಿಂದಿನವರು ಒಬ್ಬರ ಮೇಲೊಬ್ಬರು ಬ್ರೇಕ್ ಹಾಕಿ 25ಕ್ಕೆ ಬರ್ತಾರೆ, ಆಮೇಲೆ ಅಂತರ ಮುಚ್ಚೋಕೆ 40ಕ್ಕೆ ಎಳೀತಾರೆ. 80 ಕೆಜಿಯನ್ನ 25ರಿಂದ 40ಕ್ಕೆ ಆರು ಸೆಕೆಂಡಲ್ಲಿ ತರೋಕೆ ಬರೀ ವೇಗ ಏರಿಸೋದಕ್ಕೇ 500 ವ್ಯಾಟ್, ಗಾಳಿ ಮತ್ತೆ ರಸ್ತೆಯದ್ದು ಅದರ ಮೇಲೆ. ಪ್ರತಿ ಕ್ರಾಸ್, ಪ್ರತಿ ಹಂಪ್, ಪ್ರತಿ ಊರಿನ ಬಸ್‌ಸ್ಟಾಪ್ ಹತ್ತಿರ ಇದೇ ಕಥೆ. ಸರಾಸರಿ ವೇಗ ನೋಡಿದ್ರೆ ಎಲ್ಲರದ್ದೂ ಒಂದೇ, ಕಾಲಿನ ಸ್ಥಿತಿ ಮಾತ್ರ ಬೇರೆ ಬೇರೆ.

ಹಾಗಾಗಿ ಅರವತ್ತು ಜನರಲ್ಲಿ ನಿಮ್ಮ ಜಾಗ ಎಂಟರಿಂದ ಇಪ್ಪತ್ತರ ಒಳಗೆ. ಅದಕ್ಕಿಂತ ಮುಂದೆ ಹೋದರೆ ಗಾಳಿಗೆ ಎದುರಾಗಿ ಗುಂಪನ್ನ ಎಳೆಯೋ ಸರದಿ ಬರುತ್ತೆ, ಹಿಂದೆ ಹೋದರೆ ಮೇಲೆ ಹೇಳಿದ ಎಳೆದಾಟ. ಒಂದ್ಸಲ ಜಾಗ ಹಿಡಿದ್ರೆ ಅಲ್ಲೇ ಉಳೀತೀವಿ ಅಂದ್ಕೋಬೇಡಿ. ಎರಡೂ ಬದಿಯಿಂದ ಜನ ಮುಂದೆ ಬರ್ತಾನೇ ಇರ್ತಾರೆ, ನೀವು ಸುಮ್ಮನೆ ಕೂತ್ರೆ ಐದು ನಿಮಿಷಕ್ಕೆ ನಲವತ್ತನೇ ಜಾಗದಲ್ಲಿರ್ತೀರ. ಮುಂದೆ ಹೋಗೋಕೆ ಸುಲಭದ ಹೊತ್ತು ಅಂದ್ರೆ ಸಣ್ಣ ಇಳಿಜಾರು, ಅಥವಾ ಮುಂದಿನವರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಧಾನ ಮಾಡಿದ ಗಳಿಗೆ. ಏರಲ್ಲಿ ನುಗ್ಗೋದು ದಂಡ.

ಸಣ್ಣ ಏರುಗಳಿಗೆ ಒಂದು ಉಪಾಯ: ಏರು ಶುರುವಾಗೋ ಮುಂಚೆ ಹತ್ತನೇ ಜಾಗದೊಳಗೆ ಇರಿ. ಏರಲ್ಲಿ ನಿಮ್ಮ ಪಾಡಿಗೆ ತುಳಿಯಿರಿ, ಒಬ್ಬೊಬ್ಬರಾಗಿ ದಾಟಿಕೊಂಡು ಹೋಗಲಿ ಬಿಡಿ. ತುದಿ ಮುಟ್ಟುವಾಗ ಗುಂಪಿನೊಳಗೇ ಇದ್ದರೆ ಸಾಕು. ಏರಿನ ತುದಿಯಲ್ಲಿ ಮಾತ್ರ ಕಾಲು ಬಿಡಬೇಡಿ. ಗುಂಪು ಒಡೆಯೋದು ಏರಲ್ಲಲ್ಲ, ತುದಿ ದಾಟಿದ ಮೇಲಿನ ನೂರು ಮೀಟರಲ್ಲಿ. ಮುಂದಿನವರು ಇಳಿಜಾರಲ್ಲಿ ವೇಗ ಹಿಡಿದಾಗ ನೀವಿನ್ನೂ ಉಸಿರು ತಗೋತಾ ಇರ್ತೀರ.

ಚಕ್ರ ಹಿಡಿಯೋ ಕ್ರಮ: ಮುಂದಿನ ಚಕ್ರಕ್ಕೂ ನಿಮ್ಮದಕ್ಕೂ ಅರ್ಧ ಮೀಟರಿಂದ ಒಂದು ಮೀಟರ್. ಪಕ್ಕಕ್ಕೆ ಅಂಗೈಯಷ್ಟು ಸರಿದಿರಿ, ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಯಾವತ್ತೂ ಹೋಗಬಾರದು. ಅವರು ಒಂದಿಂಚು ವಾಲಿದ್ರೆ ಬೀಳೋದು ನೀವು, ಅವರಲ್ಲ. ಕಣ್ಣು ಆ ಚಕ್ರದ ಮೇಲೆ ನೆಟ್ಟಿರಬಾರದು, ಮೂರ್ನಾಲ್ಕು ಜನರಾಚೆ ಇರಲಿ. ವೇಗ ಜಾಸ್ತಿ ಅನಿಸಿದ್ರೆ ಬ್ರೇಕ್‌ಗೆ ಮುಂಚೆ ತುಳಿಯೋದು ನಿಲ್ಲಿಸಿ, ಸ್ವಲ್ಪ ಬೆನ್ನೆತ್ತಿ ಗಾಳಿಗೆ ಎದೆ ಕೊಡಿ, ಆಗಲೂ ಸಾಲದಿದ್ದರೆ ಮಾತ್ರ ಬ್ರೇಕ್ ಸವರಿ. ಮುಂದೆ ಬಂದು ಎಳೆಯೋ ಸರದಿ ಬಂದ್ರೆ ಅದೇ ವೇಗದಲ್ಲಿ ಇಪ್ಪತ್ತು ಸೆಕೆಂಡ್ ಎಳೆದು ಪಕ್ಕಕ್ಕೆ ಬನ್ನಿ. ಹೊಸಬರು ಮಾಡೋದೇ ಮುಂದೆ ಬಂದ ತಕ್ಷಣ ಎರಡು ಕಿಮೀ ವೇಗ ಏರಿಸೋದು. ಅದರಿಂದ ಯಾರಿಗೂ ಉಪಕಾರ ಇಲ್ಲ.

ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ಬಂದಿದ್ದರೆ ಮೊದಲ ಹತ್ತು ಕಿಮೀನಲ್ಲೇ ದಾಳಿ (ಗುಂಪು ಬಿಟ್ಟು ಜೋರಾಗಿ ಮುಂದೆ ಓಡೋದು) ಶುರುವಾಗುತ್ತೆ ಅಂತ ತಿಳ್ಕೊಳ್ಳಿ. ಆ ಕಡೆ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಚಿಕ್ಕಂದಿನಿಂದ ಗುಂಪಲ್ಲೇ ಓಡಿಸಿ ಬೆಳೆದವರು. ಪ್ರತಿ ದಾಳಿಗೂ ಎದ್ದು ಹಿಂದೆ ಓಡಬೇಡಿ. ಒಬ್ಬಿಬ್ಬರು ಹೋದ್ರೆ ಬಿಡಿ, ಆರೇಳು ಜನ ಒಟ್ಟಿಗೆ ಹೋದ್ರೆ ಅದು ಬೇರೆ ಮಾತು.

---

ಸ್ಪೋಕ್‌ಮಾಸ್ತರ್ (ತುಮಕೂರು)

ಗುಂಪಿನ ವಿಚಾರ ಮೇಲಿನವರು ಹೇಳಿದ್ದಾರೆ. ನಾನು ಸೈಕಲ್ಲಿನದ್ದು ಹೇಳ್ತೀನಿ.

11-32 ಖಂಡಿತ ಹಾಕಿಸಿ. 9 ಸ್ಪೀಡಿನ 11-28ರಲ್ಲಿ ಹಲ್ಲುಗಳು 11-12-13-14-16-18-21-24-28. 11-32ರಲ್ಲಿ 11-12-14-16-18-21-24-28-32. ನೀವು ಕಳ್ಕೊಳ್ಳೋದು ಒಂದು 13 ಮಾತ್ರ, ಸಿಗೋದು ಕೆಳಗೊಂದು ಪೂರ್ತಿ ಗೇರ್. "ಗೇರ್ ಮಧ್ಯೆ ಅಂತರ ಜಾಸ್ತಿ ಆಗುತ್ತೆ" ಅನ್ನೋ ತಕರಾರು 11 ಸ್ಪೀಡ್‌ನವರಿಗೆ ಇರಲಿ, ಇಲ್ಲಿ ಅದಕ್ಕೆ ಅರ್ಥ ಇಲ್ಲ.

ಬೆಟ್ಟದಲ್ಲಿ ಏನಾಗುತ್ತೆ ಅಂದ್ರೆ: ನೀವು 32 ನಿಮಿಷದಲ್ಲಿ ಹತ್ತೋದು ಹೆಚ್ಚೂಕಮ್ಮಿ 210 ವ್ಯಾಟ್. ಶೇಕಡಾ 8ರ ಏರಲ್ಲಿ ಆ ಶಕ್ತಿಗೆ ಗಂಟೆಗೆ ಹತ್ತೂವರೆ ಕಿಮೀ ಸಿಗುತ್ತೆ. 34/28ರಲ್ಲಿ (ಮುಂದೆ 34, ಹಿಂದೆ 28) ಅದು ಪೆಡಲ್ ನಿಮಿಷಕ್ಕೆ 69 ಸುತ್ತು, 34/32ರಲ್ಲಿ 79. ಏರು ಶೇಕಡಾ 10 ಆದ ಕಡೆ 28ರಲ್ಲಿ 57ಕ್ಕೆ ಬೀಳುತ್ತೆ, 32ರಲ್ಲಿ 65. ತಾಜಾ ಕಾಲಿಗೆ 57 ಸುತ್ತು ನಡೆದುಹೋಗುತ್ತೆ, ಐವತ್ತು ಕಿಮೀ ಆದ ಮೇಲೆ ತೊಡೆ ಹಿಡ್ಕೊಳ್ಳೋದು ಅಲ್ಲೇ.

ಆದರೆ ಮೊದಲು ಹಿಂದಿನ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಸಾಧನ) ಯಾವುದು ನೋಡಿ. ಒಳಬದಿಯಲ್ಲಿ ಮಾಡೆಲ್ ನಂಬರ್ ಕೆತ್ತಿರ್ತಾರೆ. ಕೊನೆಯಲ್ಲಿ ಜಿಎಸ್ ಅಂತ ಇದ್ದರೆ ಉದ್ದ ಕೇಜ್ (ಚೈನ್ ಹಾಯೋ ತೋಳು), ಈಗಿನ ಸೋರಾದಲ್ಲಿ ಅದು 34ರವರೆಗೆ ತಗೊಳ್ಳುತ್ತೆ. ಎಸ್‌ಎಸ್ ಅಂತ ಇದ್ದರೆ ಗಿಡ್ಡ ಕೇಜ್, ಕಂಪನಿ ಲೆಕ್ಕದಲ್ಲಿ ಅದು 32 ತಗೊಳ್ಳಲ್ಲ. ಡಿರೇಲರ್ ಸಮೇತ ಬದಲಿಸಬೇಕು. ಕ್ಯಾಸೆಟ್ ಜೊತೆ ಚೈನೂ ಹೊಸದು ಹಾಕಿಸಿ, ಹಳೇ ಅಳತೆಗೆ ಕತ್ತರಿಸೋಕೆ ಬಿಡಬೇಡಿ. ಮುಂದೆ 50, ಹಿಂದೆ 32, ಡಿರೇಲರ್ ಒಳಗೆ ಹಾಯಿಸದೆ ಚೈನ್ ಸುತ್ತಿಸಿ, ತುದಿಗಳು ಕೂಡೋ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚಿಟ್ಟು ಕತ್ತರಿಸಬೇಕು. ಗಿಡ್ಡ ಆದ್ರೆ ಯಾವತ್ತಾದ್ರೂ ಮರೆತು 50/32ಕ್ಕೆ ಹೋದಾಗ ಡಿರೇಲರ್ ಕಿತ್ತು ಬರುತ್ತೆ. ಆಮೇಲೆ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ ಮೇಲಿನ ಪುಟ್ಟ ಗಾಲಿಯನ್ನ 32ರ ಹಲ್ಲಿಂದ ಐದಾರು ಮಿಮೀ ದೂರ ಇಡಿ. "ಕರಕರ" ಅಂತ ಸದ್ದು ಬಂದ್ರೆ ತಾಗ್ತಿದೆ ಅಂತ.

ಇದೆಲ್ಲ ಈ ವಾರವೇ ಮಾಡಿಸಿ, ರೇಸಿನ ಹಿಂದಿನ ದಿನ ಅಲ್ಲ. ಗೇರ್ ಕೇಬಲ್ಲೂ ಹೊಸದು ಹಾಕಿಸಿದ್ರೆ ಅದು ಮೊದಲ ನೂರಿನ್ನೂರು ಕಿಮೀನಲ್ಲಿ ಸಡಿಲ ಆಗುತ್ತೆ, ಗೇರ್ ಮತ್ತೆ ಸೆಟ್ ಮಾಡಬೇಕಾಗುತ್ತೆ.

ರೇಸಿನ ವಾರ ನೋಡಬೇಕಾದ್ದು, ಮುಖ್ಯವಾದದ್ದು ಮೊದಲು. ಡಿರೇಲರ್ ಹ್ಯಾಂಗರ್ (ಡಿರೇಲರನ್ನ ಫ್ರೇಮಿಗೆ ಹಿಡಿಸೋ ತುಂಡು) ನೇರ ಇದೆಯಾ? ಸೈಕಲ್ ಬಲಕ್ಕೆ ಬಿದ್ದಿದ್ದರೆ ಅದು ಒಳಕ್ಕೆ ಬಾಗಿರುತ್ತೆ. ಸ್ಟ್ಯಾಂಡ್ ಮೇಲೆ ಗೇರ್ ಸರಿ ಇರುತ್ತೆ, ಏರಲ್ಲಿ ಭಾರ ಬಿದ್ದಾಗ ಚೈನ್ 32 ದಾಟಿ ಸ್ಪೋಕ್ ಒಳಗೆ ಹೋಗುತ್ತೆ. ಎಲ್-ಸ್ಕ್ರೂ (ಡಿರೇಲರ್ ಒಳಕ್ಕೆ ಎಷ್ಟು ಸರಿಯಬಹುದು ಅನ್ನೋದರ ಮಿತಿ) ಪರೀಕ್ಷೆ ಮಾಡೋದು ಕೈಯಿಂದ ಡಿರೇಲರನ್ನ ಒಳಕ್ಕೆ ಒತ್ತಿ: ಒತ್ತಿದ್ರೂ 32 ದಾಟಬಾರದು. ಹ್ಯಾಂಡಲ್ ಹಿಡಿಯೋ ಸ್ಟೆಮ್‌ನ ಬೋಲ್ಟ್ ಬಿಗಿ 5 ನ್ಯೂಟನ್ ಮೀಟರ್, ಕ್ರ್ಯಾಂಕ್‌ನ ಎರಡು ಬೋಲ್ಟ್ 12ರಿಂದ 14, ಪೆಡಲ್ 35ರ ಮೇಲೆ. ಬ್ರೇಕ್ ಪ್ಯಾಡ್ ಬಿಚ್ಚಿ ಅದರಲ್ಲಿ ಸಿಕ್ಕಿರೋ ಅಲ್ಯೂಮಿನಿಯಂ ಚೂರನ್ನ ಪಿನ್ನಲ್ಲಿ ಕೆದಕಿ ತೆಗೀರಿ, ಇಲ್ಲದಿದ್ರೆ ರಿಮ್ಮನ್ನೇ ಹೆರೆಯುತ್ತೆ. ಹ್ಯಾಂಡಲ್ ತುದಿಗಳಿಗೆ ಬಿರಡೆ ಇರಲೇಬೇಕು, ಎಷ್ಟೋ ಕಡೆ ಅದಿಲ್ಲ ಅಂದ್ರೆ ಸ್ಟಾರ್ಟ್ ಲೈನಿಗೇ ಬಿಡಲ್ಲ. ಮೊಣಕೈ ಊರಿ ಹಿಡಿಯೋ ಟ್ರಯಾಥ್ಲಾನ್ ಬಾರ್ ಇದ್ದರೆ ಬಿಚ್ಚಿಡಿ, ಗುಂಪು ರೇಸಿಗೆ ಅದು ನಿಷಿದ್ಧ.

---

ಪಂಪು_ರಾಜ

ಇಷ್ಟೆಲ್ಲ ಯಾಕೆ. ಟಯರ್‌ಗೆ 110 ಪಿಎಸ್‌ಐ ಹೊಡೀರಿ, ಒಳ್ಳೆ ಕಾರ್ಬನ್ ಚಕ್ರ ಹಾಕಿ, ಒಂದು ಕೆಜಿ ಇಳಿಯುತ್ತೆ. ಬೆಟ್ಟ ತಾನಾಗೇ ಹತ್ತುತ್ತೆ.

---

ಸ್ಪೋಕ್‌ಮಾಸ್ತರ್ (ತುಮಕೂರು)

ಒಂದು ಕೆಜಿ ಅಂದ್ರೆ 80ರಲ್ಲಿ ಎಂಬತ್ತನೇ ಒಂದು ಪಾಲು. ನಂದಿಯ ಏಳೂವರೆ ಕಿಮೀಗೆ ಇಪ್ಪತ್ತು ಸೆಕೆಂಡ್ ಆಸುಪಾಸು. ಅದೂ ಚಕ್ರಕ್ಕೆ ಸೈಕಲ್ಲಿನಷ್ಟೇ ದುಡ್ಡು ಸುರಿದ ಮೇಲೆ. ಪ್ರಶ್ನೆ ಕೇಳಿದವರು ಕಳ್ಕೊಳ್ತಿರೋದು ಆರು ನಿಮಿಷ. ತೂಕ ಇಳಿಸೋ ಆಸೆ ಇದ್ದರೆ ತುಂಬಿದ 750 ಮಿಲಿ ಬಾಟಲಿ ಹೊತ್ಕೊಂಡು ಬೆಟ್ಟ ಹತ್ತಬೇಡಿ, ಬುಡಕ್ಕೆ ಬರೋದ್ರೊಳಗೆ ಕುಡಿದು ಮುಗಿಸಿ. ಪುಕ್ಕಟೆ ಹದಿನೈದು ಸೆಕೆಂಡ್.

110ರ ವಿಷಯ: ಟಯರ್ ಗೋಡೆ ಮೇಲೆ ಬರೆದಿರೋದು ಗರಿಷ್ಠ ಮಿತಿ, ಶಿಫಾರಸು ಅಲ್ಲ. ವೆಲೊಡ್ರೋಮಿನ (ಸೈಕಲ್ ರೇಸ್ ಟ್ರ್ಯಾಕ್) ನುಣುಪು ನೆಲದಲ್ಲಿ ಗಟ್ಟಿ ಟಯರ್ ಓಡುತ್ತೆ. ನಮ್ಮ ಚಿಪ್ಸ್ ಕಲ್ಲು ಎದ್ದ ಟಾರಲ್ಲಿ ಅಷ್ಟು ಗಾಳಿ ಹಾಕಿದ್ರೆ ಪ್ರತಿ ಕಲ್ಲಿಗೂ ಸೈಕಲ್ ಮೇಲಕ್ಕೆ ಎಗರುತ್ತೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ಕುಲುಕೋದ್ರಲ್ಲಿ ಮುಗೀತು, ತಿರುವಲ್ಲಿ ಹಿಡಿತವೂ ಕಮ್ಮಿ. 70 ಕೆಜಿಯವರಿಗೆ ಟ್ಯೂಬ್ ಇರೋ 25 ಮಿಮೀ ಟಯರಿಗೆ ಮುಂದೆ 75-80, ಹಿಂದೆ 80-85. ಫ್ರೇಮಲ್ಲಿ ಜಾಗ ಇದ್ದು 28 ಹಾಕೋಕಾದ್ರೆ ಮುಂದೆ 62-65, ಹಿಂದೆ 66-70. ಇದಕ್ಕಿಂತ ತೀರಾ ಇಳಿಸಿದ್ರೆ ಬಣ್ಣ ಬಳಿಯದ ಹಂಪಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ. ಪಂಪಿನ ಮೀಟರೂ ಐದು ಪಿಎಸ್‌ಐ ಆಚೀಚೆ ಸುಳ್ಳು ಹೇಳುತ್ತೆ, ಯಾವಾಗಲೂ ಒಂದೇ ಪಂಪಲ್ಲಿ ಹಾಕಿ.

ಇರೋ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಟಯರ್ ತಗೊಳ್ಳಿ. ಚಿಕ್ಕಬಳ್ಳಾಪುರದ ಕಡೆ ಕ್ರಷರ್ ಲಾರಿ ತಿರುಗೋ ಕ್ರಾಸ್‌ಗಳಲ್ಲಿ ಜಲ್ಲಿಪುಡಿ ಚೆಲ್ಲಿರುತ್ತೆ, ಸವೆದ ಟಯರ್‌ನಲ್ಲಿ ಆ ಚೂರು ಮೆಲ್ಲಗೆ ಒಳಗೆ ಇಳೀತಾ ಹೋಗುತ್ತೆ. ರೇಸಿನ ಹಿಂದಿನ ಸಂಜೆ ಗಾಳಿ ತೆಗೆದು ಟಯರ್ ಹಿಂಡಿ, ಸೀಳುಗಳಲ್ಲಿ ಏನಾದ್ರೂ ಕೂತಿದೆಯಾ ನೋಡಿ, ಸೂಜಿಯಿಂದ ತೆಗೀರಿ.

---

ಅವಲಕ್ಕಿ_ಬೆಲ್ಲ (ಶಿಡ್ಲಘಟ್ಟ)

ಊಟದ್ದು ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ.

ಓಟ ಎರಡು ಗಂಟೆಯದ್ದು. ಆ ಶ್ರಮಕ್ಕೆ ಗಂಟೆಗೆ 50-60 ಗ್ರಾಂ ಪಿಷ್ಟ/ಸಕ್ಕರೆ ಹೊಟ್ಟೆಗೆ ಹೋಗ್ತಿರಬೇಕು. ಅದು ಬೆಟ್ಟದಲ್ಲಿ ತಿನ್ನೋದಲ್ಲ. ಏರಲ್ಲಿ ಉಸಿರು ಬಾಯಿಗೆ ಬಂದಿರುತ್ತೆ, ಅಗಿಯೋಕಾಗಲ್ಲ. ಬುಡ ಇನ್ನೂ ಹದಿನೈದು ನಿಮಿಷ ಇದೆ ಅನ್ನುವಾಗಲೇ ತಿನ್ನೋದು ಮುಗಿದಿರಬೇಕು.

ಮನೆಯಲ್ಲೇ ಮಾಡೋ ಬಾಟಲಿ: 750 ಮಿಲಿ ನೀರಿಗೆ 45 ಗ್ರಾಂ ಸಕ್ಕರೆ, ಕಾಲು ಟೀ ಚಮಚಕ್ಕಿಂತ ತುಸು ಕಮ್ಮಿ ಉಪ್ಪು, ಅರ್ಧ ನಿಂಬೆಹಣ್ಣು. ಇದು ಶೇಕಡಾ 6ರ ದ್ರಾವಣ, ಹೊಟ್ಟೆಯಲ್ಲಿ ನಿಲ್ಲದೆ ಇಳಿಯುತ್ತೆ. ಶೇಕಡಾ 10 ದಾಟಿಸಿದ್ರೆ ಹೊಟ್ಟೆ ಗುಳುಗುಳು ಅನ್ನುತ್ತೆ. ಸಾದಾ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡು ಗಂಟೆಯ ರೇಸಿಗೆ ದುಬಾರಿ ಪೊಟ್ಟಣ ಮಾಡೋ ಕೆಲಸವನ್ನೇ ಇದೂ ಮಾಡುತ್ತೆ. ಇಂಥವು ಎರಡು ಬಾಟಲಿ, ಜೇಬಲ್ಲಿ ನಾಲ್ಕು ಖರ್ಜೂರ ಬೀಜ ತೆಗೆದು. ಮೊದಲ ಬಾಟಲಿ 25 ಕಿಮೀಗೆ ಖಾಲಿ, ಖರ್ಜೂರ 20ಕ್ಕೆ ಎರಡು, 35ಕ್ಕೆ ಎರಡು. ಎರಡನೇ ಬಾಟಲಿ ಬುಡಕ್ಕೆ ಬರೋ ಹೊತ್ತಿಗೆ ಎರಡು ಗುಟುಕು ಉಳಿದಿರಲಿ.

ಓಆರ್‌ಎಸ್ ಪೊಟ್ಟಣ ಹಾಕ್ಕೊಂಡು ಬಂದವರು ಬೆಟ್ಟದ ಅರ್ಧದಲ್ಲಿ ಕಣ್ಣು ಕತ್ತಲೆ ಬಂದು ನಿಲ್ಲೋದು ಸಾಮಾನ್ಯ. ಒಂದು ಲೀಟರಿನ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರೋದು 13.5 ಗ್ರಾಂ ಮಾತ್ರ. ಅದು ಭೇದಿಗೆ ಕೊಡೋದು, ಓಟಕ್ಕಲ್ಲ. ಕಡಲೆಕಾಯಿ ಚಿಕ್ಕಿ ಕೂಡ ಬೇಡ, ಎಣ್ಣೆ ಜಾಸ್ತಿ, ಕರಗೋದು ನಿಧಾನ. ಮುಗಿದ ಮೇಲೆ ಎಷ್ಟು ಬೇಕಾದ್ರೂ ತಿನ್ನಿ.

ಹಿಂದಿನ ರಾತ್ರಿ ಮುದ್ದೆ ಅಭ್ಯಾಸ ಇದ್ದರೆ ಮುದ್ದೆ, ಅನ್ನ ಸ್ವಲ್ಪ ಜಾಸ್ತಿ, ಸಾರು ಕಾರ ಕಮ್ಮಿ. ಬೆಳಿಗ್ಗೆ ಮಾತ್ರ ಮುದ್ದೆ ಬೇಡ, ನಾರು ಹೆಚ್ಚು. ಆರೂವರೆಗೆ ಸ್ಟಾರ್ಟ್ ಅಂದ್ರೆ ನಾಲ್ಕಕ್ಕೆ ತಿಂದಿರಬೇಕು: ಐದಾರು ಇಡ್ಲಿ, ಮೇಲೆ ಸಕ್ಕರೆ ಅಥವಾ ಬೆಲ್ಲ, ಒಂದು ಬಾಳೆಹಣ್ಣು. ಎಣ್ಣೆ ತೇಲೋ ಚಟ್ನಿ, ವಡೆ ದೂರ ಇರಲಿ. ಕಾಫಿ ದಿನಾ ಕುಡಿಯೋರು ಸ್ಟಾರ್ಟ್‌ಗೆ ಮುಕ್ಕಾಲು ಗಂಟೆ ಮುಂಚೆ ಒಂದು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡೀಬಹುದು, ಕುಡಿಯದೇ ಇರೋರು ಅವತ್ತೇ ಶುರು ಮಾಡಬೇಡಿ. ಬಾಟಲಿಯ ಅಳತೆಯನ್ನೂ ಅಷ್ಟೇ, ಭಾನುವಾರದ ಓಟಗಳಲ್ಲಿ ನೋಡಿ ರೂಢಿ ಮಾಡ್ಕೊಳ್ಳಿ.

---

ಸುತ್ತು90 (ಗೌರಿಬಿದನೂರು)

ತರಬೇತಿ. ಎಂಟು ವಾರದಲ್ಲಿ ಕಾಲಿನ ಗರಿಷ್ಠ ಶಕ್ತಿ ಬಹಳವೇನೂ ಏರಲ್ಲ, ದಣಿದ ಮೇಲೂ ಅದನ್ನ ಉಳಿಸ್ಕೊಳ್ಳೋದು ಚೆನ್ನಾಗಿ ಸುಧಾರಿಸುತ್ತೆ. ನಿಮಗೆ ಬೇಕಾಗಿರೋದೂ ಅದೇ.

ಮೊದಲು ಹಾರ್ಟ್‌ರೇಟ್ ಮಿತಿ ಕಂಡುಹಿಡೀರಿ: ಒಬ್ಬರೇ 30 ನಿಮಿಷ ಪೂರ್ತಿ ಬಲ ಹಾಕಿ ಓಡಿಸಿ, ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಥ್ರೆಶೋಲ್ಡ್. ನಂದಿ ಏರೇ ಇದಕ್ಕೆ ಪ್ರಶಸ್ತ. ಮಧ್ಯೆ ಸಿಗ್ನಲ್ ಇಲ್ಲ, ಇಳಿಜಾರಿಲ್ಲ.

ವಾರಕ್ಕೆ ಗಟ್ಟಿ ಕೆಲಸ ಮೂರೇ ದಿನ. ಮಂಗಳವಾರ ಥ್ರೆಶೋಲ್ಡ್‌ನ ಶೇಕಡಾ 95-100ರಲ್ಲಿ ಹತ್ತು ನಿಮಿಷದ್ದು ಮೂರು, ವಾರ ಕಳೆದಂತೆ ಇಪ್ಪತ್ತರದ್ದು ಎರಡಕ್ಕೆ ಬನ್ನಿ. ಗುರುವಾರ 20 ಸೆಕೆಂಡ್ ಜೋರು, 40 ಸೆಕೆಂಡ್ ನಿಧಾನ, ಹತ್ತು ಸಲ, ಐದು ನಿಮಿಷ ಬಿಡುವು, ಮತ್ತೆ ಹತ್ತು. ಮೇಲೆ ಹೇಳಿದ ತಿರುವಿನ ಎಳೆದಾಟಕ್ಕೆ ಔಷಧಿ ಇದೇ. ಇಲ್ಲಿ ಹಾರ್ಟ್‌ರೇಟ್ ನೋಡಬೇಡಿ, ಅದು ತಡವಾಗಿ ಏರುತ್ತೆ. ಕೊನೆಯ ಸಲವೂ ಮೊದಲನೆಯದರಷ್ಟೇ ಜೋರಿರಬೇಕು, ಅದೇ ಅಳತೆ. ಭಾನುವಾರ ನಾಲ್ಕೈದು ಜನರ ಜೊತೆ 45 ಕಿಮೀ ಸರದಿ ಬದಲಿಸ್ಕೊಂಡು ಓಡಿಸಿ, ನಿಲ್ಲದೆ ನೇರ ಬೆಟ್ಟ ಹತ್ತಿ. ಬೆಟ್ಟದ ಬುಡದಲ್ಲಿ ಟೀ ಅಂಗಡಿಗೆ ಇಳಿದ್ರೆ ಆ ಅಭ್ಯಾಸದ ಉದ್ದೇಶವೇ ಹೋಯ್ತು. ಉಳಿದ ದಿನ ಒಂದೆರಡು ಮಾತ್ರ ಓಡಿಸಿ, ಮಾತಾಡ್ಕೊಂಡು ಹೋಗೋ ವೇಗದಲ್ಲಿ. ನಾಲ್ಕನೇ ವಾರ ಒಟ್ಟು ಓಟ ಸುಮಾರು ಅರ್ಧಕ್ಕೆ ಇಳಿಸಿ.

ಕೋಲಾರದವರಿಗೆ ಅಂತರಗಂಗೆ, ತುಮಕೂರಿನವರಿಗೆ ದೇವರಾಯನದುರ್ಗ ಇದೆ. ಏರಿನ ಉದ್ದ ಬೇರೆ, ಕ್ರಮ ಇದೇ.

ಕೊನೆ ವಾರ ಹೊತ್ತು ಅರ್ಧ ಮಾಡಿ, ಜೋರು ಮಾತ್ರ ಕಮ್ಮಿ ಮಾಡಬೇಡಿ. ಹಿಂದಿನ ದಿನ 45 ನಿಮಿಷ, ಅದರಲ್ಲಿ ಒಂದೊಂದು ನಿಮಿಷ ಮೂರು ಸಲ ಗಟ್ಟಿಯಾಗಿ. ಪೂರ್ತಿ ಮಲಗಿ ರೆಸ್ಟ್ ತಗೊಂಡವರ ಕಾಲು ಮರುದಿನ ಮೊದಲ ಅರ್ಧ ಗಂಟೆ ಮರಗಟ್ಟಿದ ಹಾಗಿರುತ್ತೆ.

---

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿರೇಲರ್ ನೋಡಿದೆ, ಜಿಎಸ್ ಅಂತಲೇ ಇದೆ. ಇನ್ನು ಮೂರು ಅನುಮಾನ. ಬುಡದಲ್ಲಿ 50ರಿಂದ 34ಕ್ಕೆ ಹಾಕುವಾಗ ಚೈನ್ ಆಗಾಗ ಒಳಕ್ಕೆ ಬೀಳುತ್ತೆ, ಯಾಕೆ? ತಿರುವುಗಳಲ್ಲಿ ಒಳಗಿಂದ ಹೋಗಬೇಕಾ ಹೊರಗಿಂದಲಾ? ಪಕ್ಕದಿಂದ ಗಾಳಿ ಬಂದ್ರೆ ಗುಂಪಲ್ಲಿ ಎಲ್ಲಿರಬೇಕು?

---

ಸ್ಪೋಕ್‌ಮಾಸ್ತರ್ (ತುಮಕೂರು)

ಚೈನ್ ಬೀಳೋದಕ್ಕೆ ಅರ್ಧ ಕಾರಣ ಸ್ಕ್ರೂ, ಅರ್ಧ ಕಾರಣ ಕಾಲು. ಮುಂದಿನ ಡಿರೇಲರಿನ ಎಲ್-ಸ್ಕ್ರೂ: ಮುಂದೆ 34, ಹಿಂದೆ 32ರಲ್ಲಿ ಚೈನ್ ಇಟ್ಟಾಗ ಒಳ ತಗಡಿಗೂ ಚೈನಿಗೂ ಮಧ್ಯೆ ಅರ್ಧ ಮಿಮೀ ಸಂದು ಇರಬೇಕು. ಜಾಸ್ತಿ ಇದ್ದರೆ ಚೈನ್ ಫ್ರೇಮ್ ಮೇಲೆ ಬೀಳುತ್ತೆ. ಕಾಲಿನದ್ದು: ಏರು ಹಿಡಿದ ಮೇಲೆ ಪೂರ್ತಿ ಬಲ ಹಾಕ್ತಾ ಶಿಫ್ಟ್ ಮಾಡಬಾರದು. ಬುಡಕ್ಕೆ ಐವತ್ತು ಮೀಟರ್ ಇರುವಾಗಲೇ ಅರ್ಧ ಸುತ್ತು ಕಾಲು ಹಗುರ ಮಾಡಿ 34ಕ್ಕೆ ಹಾಕಿ, ಅದೇ ಹೊತ್ತಿಗೆ ಹಿಂದೆ ಎರಡು ಹಲ್ಲುಗಾಲಿ ಚಿಕ್ಕದಕ್ಕೆ ತನ್ನಿ. ಹೀಗೆ ಮಾಡಿದ್ರೆ ಕಾಲು ಗಿರ್ ಅಂತ ಖಾಲಿ ತಿರುಗಲ್ಲ. ಹಿಂದೆ ಆಗಲೇ 28, 32ರಲ್ಲಿ ಇದ್ದು ಮುಂದೆ ಇಳಿಸಿದ್ರೆ ಚೈನ್ ಒಂದೇ ಸಲ ಸಡಿಲಾಗಿ ಹಾರುತ್ತೆ. ಬಿದ್ದೇಬಿಟ್ರೆ ಇಳೀಬೇಡಿ. ಶಿಫ್ಟರನ್ನ ದೊಡ್ಡದಕ್ಕೆ ಒತ್ತಿ ಮೆಲ್ಲಗೆ ತುಳಿಯಿರಿ, ಬಹಳ ಸಲ ತಾನೇ ಹತ್ಕೊಳ್ಳುತ್ತೆ.

---

ಚಕ್ರದಹಿಂದೆ (ಕೋಲಾರ)

ತಿರುವು: ಒಳಬದಿ ಚಿಕ್ಕ ದಾರಿ, ಆದರೆ ಗೋಡೆ ಥರ ಕಡಿದು. ಹೊರಬದಿ ಒಂದಷ್ಟು ಮೀಟರ್ ಉದ್ದ, ಏರು ಸಲೀಸು. ಬಲಕ್ಕೆ ತಿರುಗೋವಾಗ ನೀವು ಎಡ ಅಂಚಲ್ಲೇ ಇರ್ತೀರ, ಹೊರಗಿನ ಸಲೀಸು ದಾರಿ ತಾನಾಗಿ ಸಿಗುತ್ತೆ. ಅಲ್ಲಿ ಅದೇ ಗೇರಲ್ಲಿ ಸ್ವಲ್ಪ ವೇಗ ಹಿಡೀಬಹುದು. ಎಡ ತಿರುವಲ್ಲಿ ಒಳ ಅಂಚಿಗೆ ಅಂಟಿಕೊಂಡ್ರೆ ನಾಲ್ಕು ತುಳಿತಕ್ಕೆ ಕಾಲು ಕಟ್ಟುತ್ತೆ. ಲೇನಿನ ಮಧ್ಯಕ್ಕೆ ಬನ್ನಿ, ತಿರುವಿಗೆ ಮುಂಚೆ ಒಂದು ಗೇರ್ ಇಳಿಸಿ, ತಿರುವಿನೊಳಗೆ ಅಲ್ಲ. ಮಧ್ಯದ ಗೆರೆ ಮಾತ್ರ ದಾಟಬೇಡಿ, ರಸ್ತೆ ಪೂರ್ತಿ ಮುಚ್ಚದ ರೇಸ್‌ಗಳಲ್ಲಿ ಅದಕ್ಕೆ ನೇರ ಅನರ್ಹತೆ. ಎದುರಿಗೆ ಪ್ರವಾಸಿಗರ ಕಾರು ಇಳೀತಾ ಬರುತ್ತೆ, ಸೈಕಲ್ ರೇಸ್ ಅನ್ನೋದು ಅವರಿಗೆ ಗೊತ್ತಿರಲ್ಲ.

ನಲವತ್ತು ತಿರುವು, ಸರಾಸರಿ ಏರು ಶೇಕಡಾ ಐದು-ಆರರ ನಡುವೆ, ಆದರೆ ಮೇಲಕ್ಕೆ ಹೋದಂತೆ ಕಡಿದು ಜಾಸ್ತಿ. ಬುಡದ ಮೊದಲ ಎರಡು ಕಿಮೀ ಎಲ್ಲರೂ ರೇಸ್ ಅಲ್ಲೇ ಮುಗಿಯೋ ಥರ ಎದ್ದು ಓಡ್ತಾರೆ. ನೀವು ಥ್ರೆಶೋಲ್ಡ್‌ಗಿಂತ ಎರಡು ಮೂರು ಬಡಿತ ಕೆಳಗೇ ಇರಿ. ಮುಂದಿನವರು ಐವತ್ತು ಮೀಟರ್ ದೂರ ಹೋಗ್ಲಿ, ಗಂಟೆಗೆ ಹನ್ನೆರಡು ಕಿಮೀ ವೇಗದಲ್ಲಿ ಚಕ್ರ ಹಿಡಿದು ಆಗೋ ಲಾಭ ಅಷ್ಟಕ್ಕಷ್ಟೇ. ಕೊನೆಯ ಎರಡು ಕಿಮೀನಲ್ಲಿ ಅವರಲ್ಲಿ ಅರ್ಧ ಜನ ನಿಮಗೆ ಸಿಗ್ತಾರೆ.

ಗಾಳಿ: ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಪಡುವಣ ಗಾಳಿ ಜೋರು. ಗೌರಿಬಿದನೂರಿನ ಕಡೆ ಹೋಗುವಾಗ ಎದುರಿಗೆ, ಶಿಡ್ಲಘಟ್ಟದ ಕಡೆ ಹೋಗುವಾಗ ಬೆನ್ನಿಗೆ, ಬಾಗೇಪಲ್ಲಿ ದಿಕ್ಕಿಗೆ ಹೋದರೆ ಎಡಗಡೆಯಿಂದ. ಎಡಗಡೆಯಿಂದ ಬಂದಾಗ ಆಸರೆ ಇರೋದು ಮುಂದಿನವರ ಹಿಂದೆ ಅಲ್ಲ, ಅವರ ಬಲ ಹಿಂಬದಿಗೆ. ಎಲ್ಲರೂ ಹಾಗೇ ಓರೆಯಾಗಿ ನಿಂತಾಗ ಐದಾರು ಜನಕ್ಕೆ ಮಧ್ಯದ ಗೆರೆ ಬಂದುಬಿಡುತ್ತೆ. ಏಳನೆಯವರಿಂದ ಮುಂದಕ್ಕೆ ಎಲ್ಲರೂ ಗೆರೆಯ ಮೇಲೆ ಒಂದೇ ಸಾಲಲ್ಲಿ, ಯಾರಿಗೂ ಮರೆ ಇಲ್ಲದೆ ಒದ್ದಾಡ್ತಾರೆ. ಆ ಸಾಲಲ್ಲಿ ಸಿಕ್ಕಿದ್ರೆ ಹಲ್ಲು ಕಚ್ಚಿ ಹಿಡಿಯೋದಕ್ಕಿಂತ ನಿಮ್ಮ ಹಿಂದಿನ ನಾಲ್ಕು ಜನಕ್ಕೆ ಕೂಗಿ ಎರಡನೇ ಓರೆ ಸಾಲು ಕಟ್ಟಿ, ಸರದಿ ಬದಲಿಸ್ಕೊಂಡು ಹೋಗಿ. ಮುಂದಿನ ಸಾಲು ರಸ್ತೆ ತಿರುಗಿದ ಕಡೆ ನಿಧಾನ ಆಗೇ ಆಗುತ್ತೆ, ಅಲ್ಲಿ ಸೇರ್ಕೋಬಹುದು.

ಇನ್ನೊಂದು. ನಿಮ್ಮ ರೇಸ್ ಡಿಸೆಂಬರ್-ಜನವರಿ ಹೊತ್ತಿಗೆ ಬಿದ್ದರೆ ರಸ್ತೆ ಮೇಲೆ ಒಕ್ಕಣೆ ಹಾಸಿರ್ತಾರೆ. ರಾಗಿ ಹುಲ್ಲಿಗಿಂತ ಹುರುಳಿ ಬಳ್ಳಿ ಅಪಾಯ. ಒಣಗಿದ ಬಳ್ಳಿ ಟಯರ್ ಜೊತೆ ಎದ್ದು ಡಿರೇಲರಿನ ಪುಟ್ಟ ಗಾಲಿಗೆ ಸುತ್ಕೊಳ್ಳುತ್ತೆ. ಅದರ ಮೇಲೆ ಹಾಯಲೇಬೇಕಾದ್ರೆ ನೇರ ಹೋಗಿ, ಬ್ರೇಕ್ ಹಾಕಬೇಡಿ, ತುಳಿಯೋದು ನಿಲ್ಲಿಸಿ. ದಾಟಿದ ಮೇಲೆ ಪೆಡಲ್ ಬಿಗಿ ಅನಿಸಿದ್ರೆ ಬಲ ಹಾಕಿ ತುಳಿದು ಬಿಡಿಸೋಕೆ ಹೋಗಬೇಡಿ, ಹ್ಯಾಂಗರ್ ಮುರಿಯೋದು ಆಗಲೇ. ನಿಂತು, ಪೆಡಲ್ ಹಿಂದಕ್ಕೆ ತಿರುಗಿಸಿ, ಕೈಯಿಂದ ಎಳೆದು ಹಾಕಿ.

---

ಅವಲಕ್ಕಿ_ಬೆಲ್ಲ (ಶಿಡ್ಲಘಟ್ಟ)

ಫಿನಿಶ್ ಆದ ಮೇಲೆ ಬಾಳೆಹಣ್ಣು ಕೈಯಲ್ಲಿ ಹಿಡ್ಕೊಂಡು ಮೇಲೆ ಕೂರಬೇಡಿ, ಕೋತಿಗಳು ಬಿಡಲ್ಲ. ಜರ್ಸಿ ಜೇಬಿಗೂ ಕೈ ಹಾಕ್ತವೆ. ಚಳಿಗಾಲದ ಬೆಳಿಗ್ಗೆ ಆದ್ರೆ ತೆಳ್ಳನೆ ವಿಂಡ್ ಜಾಕೆಟ್ ಒಂದನ್ನ ಮೇಲೆ ಹೋಗೋ ಗಾಡಿಗೆ ಮೊದಲೇ ಕೊಟ್ಟಿರಿ. ಬೆವರಲ್ಲಿ ನೆನೆದು ಇಳಿದ್ರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕಾಗಲ್ಲ.

---

ಸ್ಪೋಕ್‌ಮಾಸ್ತರ್ (ತುಮಕೂರು)

ಇಳಿಯುವಾಗ ಬ್ರೇಕ್ ಸದಾ ಸವರ್ಕೊಂಡೇ ಬರಬೇಡಿ, ರಿಮ್ ಕಾದು ಟ್ಯೂಬ್ ಒಡೆಯುತ್ತೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿದ ಭಾಗದಲ್ಲಿ (ಡ್ರಾಪ್ಸ್) ಇರಲಿ, ತಿರುವಿನ ಹೊರಗಿನ ಕಾಲು ಕೆಳಗೆ. ಕ್ಯಾಸೆಟ್ ಹಾಕಿಸಿದ ಮೇಲೆ ಚೈನ್ ಎಷ್ಟು ಕೊಂಡಿ ಬಂತು ಅಂತ ಇಲ್ಲಿ ಹಾಕಿ, ಸರಿ ಇದೆಯಾ ನೋಡೋಣ.